ಎಡಜೇಬಿನ ಗುಂಡಿಗಳು

ತೂಬಿನ ಮನೆ
ಫೆಬ್ರವರಿ 3

ತಮ್ಮಾ,

ಈ ಸಲದ ಎಣಿಕೆ ಮುಗಿಯಿತು. ನಿಂತುಕೊಂಡು ಓದಬೇಡ, ಎಲ್ಲಾದರೂ ಕೂತು ಓದು. ಸೊನ್ನೆ.

ಏಳು ದಿನವೂ ಸೂರ್ಯ ಹುಟ್ಟುವ ಹೊತ್ತಿಗೆ ಏರಿಯ ಮೇಲೆ ಇದ್ದೆ. ಐದು ಗೂಟ, ಒಂದೊಂದರ ಬಳಿ ಹತ್ತು ನಿಮಿಷ, ಅಪ್ಪನ ಕೈಗಡಿಯಾರ ನೋಡಿಕೊಂಡು. ಅಮ್ಮನ ಹೊಲಿಗೆ ಡಬ್ಬಿಯ ನಲವತ್ತು ಗುಂಡಿಗಳು ಎಡಜೇಬಿನಲ್ಲಿ. ಸೂಜಿಹಕ್ಕಿ ಒಂದು ಸಲ ಕೂಗಿದರೆ ಒಂದು ಗುಂಡಿ ಬಲಜೇಬಿಗೆ. ಅಪ್ಪ ಈ ತೂಬಿನ ಕಾವಲಿಗಿದ್ದಾಗ ಹೀಗೇ ಎಣಿಸುತ್ತಿದ್ದ, ಇಪ್ಪತ್ತಾರು ವರ್ಷದಿಂದ ನಾನೂ ಹೀಗೇ ಎಣಿಸುತ್ತಿದ್ದೇನೆ. ಒಂದು ಬೆಳಗಿಗೆ ನಲವತ್ತಕ್ಕಿಂತ ಹೆಚ್ಚು ಗುಂಡಿ ಎಂದೂ ಬೇಕಾಗಿಲ್ಲ, ನಿಜ. ಆದರೆ ಮೂರು ವರ್ಷದ ಹಿಂದೆ ಮೂವತ್ತಾರು ಇತ್ತು, ಆಮೇಲೆ ಇಪ್ಪತ್ತೆರಡಾಯಿತು, ಹೋದ ವರ್ಷ ಒಂಬತ್ತು. ಈ ಸಲ ಏಳು ದಿನವೂ ಹೋದ ಹಾಗೆಯೇ ಬಂದೆ. ಎಲ್ಲ ಗುಂಡಿ ಎಡಜೇಬಿನಲ್ಲೇ.

ಬಕಗಳು ಇವೆ, ನೀರುಕೋಳಿಗಳು ಇವೆ, ಕಪ್ಪೆಗಳ ಗಲಾಟೆಯಂತೂ ಕೇಳಲೇಬೇಡ. ಅದೊಂದು ಮಾತ್ರ ಇಲ್ಲ. ಹೆಬ್ಬೆರಳಿನಷ್ಟು ಹಕ್ಕಿ, ಜೊಂಡು ಬಿಟ್ಟು ಹೊರಗೆ ಬರುವುದಿಲ್ಲ, ಕಣ್ಣಿಗೆ ಬಿದ್ದದ್ದೇ ಕಡಿಮೆ. ಬಟ್ಟೆಯೊಳಗೆ ಸೂಜಿ ಹಾಯ್ದ ಹಾಗೆ ಅದರ ದನಿ ಎಂದು ಅಮ್ಮ ತಾನೇ ಆ ಹೆಸರಿಟ್ಟದ್ದು? ಕೊನೆಯ ದಿನ ಐದನೆಯ ಗೂಟದ ಬಳಿ ಕೂತು ಅತ್ತುಬಿಟ್ಟೆ. ಐವತ್ತೆಂಟು ವರ್ಷದ ಹೆಂಗಸು ಹಕ್ಕಿಗಾಗಿ ಅಳುವುದನ್ನು ಕಂಡು ನೀರುಕೋಳಿಗಳು ನಕ್ಕಿರಬೇಕು.

ಪೇಪರಿನ ನಿನ್ನ ಪುಟದಲ್ಲಿ ಕರಗುವ ಹಿಮ, ಸಾಯುವ ಹವಳ, ದಡಕ್ಕೆ ಬಿದ್ದ ತಿಮಿಂಗಿಲ ಎಲ್ಲಕ್ಕೂ ಜಾಗವಿದೆ. ನೀನು ಹುಟ್ಟಿ ಬೆಳೆದ ಈ ಜೌಗಿಗೂ ಒಂದು ಮೂಲೆ ಕೊಡು.

ಫೋನಿನ ವಿಷಯ ಮತ್ತೆ ಎತ್ತಬೇಡ. ಅದು ಕರಕರ ಅನ್ನುತ್ತದೆ, ಅರ್ಧ ಮಾತು ನುಂಗುತ್ತದೆ. ನನಗೆ ಕಾಗದವೇ ಸರಿ.

ಅಕ್ಕ


ಪತ್ರಿಕೆ ಕಚೇರಿ
ಫೆಬ್ರವರಿ 12

ಅಕ್ಕಾ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ನಿನ್ನ ಮಾತು ಯಾವತ್ತು ಕೇಳಿದ್ದೇನೆ ಹೇಳು.

ನಮ್ಮ ಸಂಪಾದಕರು ಗೊತ್ತಲ್ಲ, ನಾವು ಕತ್ತರಿ ಎಂದು ಕರೆಯುವವರು. ನಾನು ಬರೆದದ್ದರಲ್ಲಿ ಅರ್ಧ ಕತ್ತರಿಸದೆ ಅವರಿಗೆ ಕಾಫಿ ಇಳಿಯುವುದಿಲ್ಲ. ಈ ಸಲ ಅವರೇ ಕುರ್ಚಿ ಎಳೆದುಕೊಂಡು ಬಂದು ಕೂತರು. "ಸೊನ್ನೆ ಅನ್ನೋದು ಗಟ್ಟಿ ಅಂಕಿ ಕಣಯ್ಯಾ. ಓದೋರು ಬೇರೆ ಯಾವ ಅಂಕಿನೂ ನೆನಪಿಟ್ಕೊಳ್ಳಲ್ಲ, ಇದನ್ನ ಇಟ್ಕೋತಾರೆ. ಅರ್ಧ ಪುಟ ತಗೋ" ಎಂದರು. ಇಷ್ಟು ವರ್ಷದಲ್ಲಿ ನನಗೆ ಕೇಳದೆ ಸಿಕ್ಕ ಮೊದಲ ಅರ್ಧ ಪುಟ.

ನನ್ನ ಮೇಜಿನ ಹಿಂದೆ ಪ್ರಪಂಚದ ನಕ್ಷೆಯಿದೆ. ಕಳೆದುಕೊಂಡದ್ದಕ್ಕೆ ಕೆಂಪು ಪಿನ್ನು, ಉಳಿಸಿಕೊಂಡದ್ದಕ್ಕೆ ಹಸಿರು. ಕೆಂಪು ಡಬ್ಬಿಯನ್ನು ಮೂರು ಸಲ ತುಂಬಿಸಿ ಆಯಿತು, ಹಸಿರು ಪೊಟ್ಟಣ ಇನ್ನೂ ಅರ್ಧ ಉಳಿದಿದೆ. ನಿನ್ನೆ ನಮ್ಮ ಜೌಗಿನ ಮೇಲೆ ಕೆಂಪು ಪಿನ್ನು ಚುಚ್ಚಿದೆ. ಎಲ್ಲೆಲ್ಲಿಯದೋ ಕಾಡಿನ ಮೇಲೆ ಚುಚ್ಚುವಾಗ ಇಷ್ಟು ಹೊತ್ತು ಹಿಡಿದಿರಲಿಲ್ಲ.

ಫೋನ್ ರಿಪೇರಿ ಮಾಡಿಸು ಎಂದು ಮೂರು ವರ್ಷದಿಂದ ಹೇಳುತ್ತಿದ್ದೇನೆ. ನನ್ನ ದನಿ ಕೇಳುವುದು ಬೇಡವಾಗಿದ್ದರೆ ಹಾಗಂತ ಹೇಳಿಬಿಡು ಅಕ್ಕಾ. ಸುಮ್ಮನೆ ಫೋನಿನ ಮೇಲೆ ಹಾಕಬೇಡ.

ತಮ್ಮ


ತೂಬಿನ ಮನೆ
ಮಾರ್ಚ್ 1

ತಮ್ಮಾ,

ಪೇಪರ್ ಬಂತು. 'ಜೊಂಡಿನಲ್ಲಿ ಇನ್ನು ಮೌನ' ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ! ಅಂಚೆಯವನು ಎರಡು ಪ್ರತಿ ತಂದು ಒಂದನ್ನು ತಾನೇ ಇಟ್ಟುಕೊಂಡ. ಇತ್ತೀಚೆಗೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ. "ಎಷ್ಟು ಸಲ ಅಂತ ಬಾಗ್ಲು ತಟ್ಟೋದಮ್ಮಾ, ಕೈ ಬಿದ್ದೋಯ್ತು" ಎಂದು ಅಂಗಳದಲ್ಲೇ ಹಾರಾಡುತ್ತಾನೆ. ತೂಬಿನ ಬಾಗಿಲ ಕೀಲು ಕಿರುಗುಟ್ಟುವುದು ಅರ್ಧ ಮೈಲಿ ಕೇಳುತ್ತದೆ, ಎಣ್ಣೆ ಹಾಕಬಾರದೇ ಎಂದೂ ಹೇಳಿ ಹೋದ. ಹಾಕಿದೆ. ಈಗ ಸರಿಯಾಗಿರಬೇಕು.

ಚೆನ್ನಾಗಿ ಬರೆದಿದ್ದೀಯ. ಆದರೆ ನನ್ನನ್ನು 'ವೃದ್ಧೆ' ಎಂದು ಬರೆದವರು ನೀನೋ ಕತ್ತರಿಯೋ? ಸಿಕ್ಕರೆ ಕಿವಿ ಹಿಂಡುತ್ತೇನೆ.

ನಿನ್ನ ದನಿ ಬೇಡವೆಂದು ಯಾರು ಹೇಳಿದರೋ? ಹುಚ್ಚಪ್ಪಾ. ನಿನಗೆ ಮಾತು ಕಲಿಸಿದವಳು ನಾನು. ಮೂರು ವರ್ಷದವನಾಗುವವರೆಗೂ 'ರ' ಬರುತ್ತಿರಲಿಲ್ಲ ನಿನಗೆ.

ಅಕ್ಕ (ವೃದ್ಧೆ)


ಪತ್ರಿಕೆ ಕಚೇರಿ
ಮಾರ್ಚ್ 19

ಅಕ್ಕಾ,

ವೃದ್ಧೆ ಕತ್ತರಿಯವರ ಕೊಡುಗೆ. ನನ್ನ ಕಿವಿಯನ್ನು ಬಿಟ್ಟುಬಿಡು.

ಇದರ ಜೊತೆ ಒಂದು ಪುಟ್ಟ ಯಂತ್ರ ಕಳಿಸಿದ್ದೇನೆ. ಕೆಂಪು ಗುಂಡಿ ಒತ್ತಿದರೆ ಸುತ್ತಲಿನ ಸದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಪತ್ರಿಕೆಯ ಜಾಲತಾಣಕ್ಕೆ ಒಂದು ಸರಣಿ ಮಾಡುತ್ತಿದ್ದೇವೆ: ದನಿ ಕಳೆದುಕೊಂಡ ಜಾಗಗಳು. ಸುಟ್ಟ ಕಾಡಿನ ಮೌನ ಒಂದು ಕಡೆಯಿಂದ ಬಂದಿದೆ, ಬಿಳಿಚಿಕೊಂಡ ಹವಳದ ದಿಬ್ಬದ್ದು ಇನ್ನೊಂದು ಕಡೆಯಿಂದ. ಮೂರನೆಯ ಗೂಟದ ಬಳಿ ಬೆಳಗಿನ ಹತ್ತು ನಿಮಿಷವನ್ನು ನೀನು ಕಳಿಸು. ನೀನು ಏನೂ ಮಾತಾಡಬೇಡ, ಕಷ್ಟ ಎಂದು ಗೊತ್ತು.

ಉಳಿದಂತೆ ಇಲ್ಲಿ ಹೇಳುವಂಥದ್ದೇನೂ ಇಲ್ಲ.

ತಮ್ಮ


ತೂಬಿನ ಮನೆ
ಏಪ್ರಿಲ್ 6

ತಮ್ಮಾ,

ಯಂತ್ರವನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ. ನಿನ್ನೆ ಬೆಳಿಗ್ಗೆ ಹತ್ತು ನಿಮಿಷ, ಉಸಿರು ಬಿಗಿ ಹಿಡಿದು ನಿಂತಿದ್ದೆ.

ಈಗ ನನ್ನ ಪ್ರಶ್ನೆ. ಮೊನ್ನೆ ತೂಬಿನ ಗೋಡೆಗೆ ಒಂದು ನೋಟೀಸು ಅಂಟಿಸಿ ಹೋದರು. ಜೌಗಿಗೆ ಮಣ್ಣು ತುಂಬಿಸಿ ಲಾರಿ ನಿಲ್ದಾಣವೂ ಗೋದಾಮುಗಳೂ ಆಗುತ್ತವಂತೆ. ಎರಡನೆಯ ಸಾಲನ್ನು ಹಾಗೇ ಬರೆಯುತ್ತೇನೆ: 'ಇಲ್ಲಿನ ಮುಖ್ಯ ಹಕ್ಕಿಯು ಈಗಾಗಲೇ ನಶಿಸಿರುವುದನ್ನು ಪತ್ರಿಕಾ ವರದಿಯೇ ದೃಢಪಡಿಸಿರುವುದರಿಂದ ಈ ಪ್ರದೇಶವನ್ನು ರಕ್ಷಿತ ಪಟ್ಟಿಯಲ್ಲಿ ಮುಂದುವರಿಸಲು ಕಾರಣ ಉಳಿದಿಲ್ಲ.' ಮೇ 18ಕ್ಕೆ ಅಹವಾಲು ಸಭೆ.

ನಾವು ಬಾಯಿ ಬಡಿದುಕೊಂಡು ಅತ್ತದ್ದನ್ನೇ ಅವರು ಗುದ್ದಲಿ ಮಾಡಿಕೊಂಡಿದ್ದಾರೆ. ನಿನಗೆ ಇದು ಮೊದಲೇ ಗೊತ್ತಿತ್ತೇ? ನಿನ್ನ ಹೋದ ಕಾಗದದ ಕೊನೆಯ ಸಾಲು ಓದಿದಾಗಲೇ ಅನ್ನಿಸಿತು. ಏನೂ ಇಲ್ಲ ಎಂದು ನೀನು ಹೇಳಿದಾಗಲೆಲ್ಲ ಏನಾದರೂ ಇದ್ದೇ ಇರುತ್ತದೆ, ಚಿಕ್ಕಂದಿನಿಂದ ನೋಡಿದ್ದೇನೆ.

ಅಕ್ಕ


ಪತ್ರಿಕೆ ಕಚೇರಿ
ಏಪ್ರಿಲ್ 15

ಅಕ್ಕಾ,

ಗೊತ್ತಿತ್ತು. ಮಾರ್ಚ್‌ನಲ್ಲೇ ಆ ಕಡತ ನನ್ನ ಕಣ್ಣಿಗೆ ಬಿದ್ದಿತ್ತು. ನನ್ನ ವರದಿಯನ್ನೇ ಹಿಡಿದುಕೊಂಡು ಜೌಗನ್ನು ಮುಚ್ಚುತ್ತಾರೆ ಎಂದು ನಿನಗೆ ಬರೆಯಲು ಕೈ ಬರಲಿಲ್ಲ. ತಪ್ಪು ನನ್ನದು.

ಆದರೆ ನೀನೂ ಒಂದಕ್ಕೆ ಉತ್ತರ ಹೇಳಬೇಕು. ಇವತ್ತು ಧ್ವನಿ ವಿಭಾಗದ ಹುಡುಗಿ ನಿನ್ನ ಹತ್ತು ನಿಮಿಷವನ್ನು ಕೇಳುತ್ತಾ ಕೂತವಳು ನನ್ನನ್ನು ಕರೆದಳು. "ಸಾರ್, ಮೌನ ಅಂದ್ರಿ. ಇಲ್ಲಿ ಯಾರೋ ಬಟ್ಟೆ ಹೊಲೀತಿದ್ದಾರಲ್ಲ" ಎಂದಳು. ಕೇಳಿದೆ. ಅಕ್ಕಾ, ಸೂಜಿಹಕ್ಕಿ. ಹತ್ತು ನಿಮಿಷದಲ್ಲಿ ಎಂಟು ಸಲ. ಒಂದಂತೂ ನಿನ್ನ ಮೊಣಕಾಲಿನ ಹತ್ತಿರವೇ ಇದ್ದಿರಬೇಕು, ಅಷ್ಟು ಸ್ಪಷ್ಟ.

ನೀನು ಎಣಿಸಲು ಹೋಗಿದ್ದೆಯಾ? ನಿಜ ಹೇಳು. ಚಳಿ ಎಂದೋ ಮೊಣಕಾಲು ನೋವು ಎಂದೋ ಮನೆಯಲ್ಲೇ ಕೂತು ಸೊನ್ನೆ ಬರೆದೆಯಾ? ಆ ಸೊನ್ನೆಯನ್ನು ನಾನು ಲಕ್ಷ ಜನರಿಗೆ ಹಂಚಿದ್ದೇನೆ.

ತಮ್ಮ


ಪತ್ರಿಕೆ ಕಚೇರಿ
ಏಪ್ರಿಲ್ 28

ಅಕ್ಕಾ,

ಹದಿಮೂರು ದಿನವಾಯಿತು. ಫೋನ್ ಬಾರಿಸಿ ಬಾರಿಸಿ ನಿಲ್ಲುತ್ತದೆ.

ಹಾಗೆ ಬರೆಯಬಾರದಿತ್ತು. ಜ್ವರದಲ್ಲೂ ಏರಿ ಹತ್ತಿದವಳು ನೀನು, ನನಗೆ ಗೊತ್ತು. ಸಿಟ್ಟಿನಲ್ಲಿ ಬುದ್ಧಿ ಎಲ್ಲಿಗೋ ಹೋಗಿತ್ತು.

ಇನ್ನೊಂದು ಮಾತು. ಅಮ್ಮ ಹೋದ ಎರಡನೆಯ ದಿನವೇ ನಾನು ಪ್ರವಾಹದ ವರದಿಗೆಂದು ಹೊರಟುಬಿಟ್ಟೆ, ನಿನ್ನೊಬ್ಬಳನ್ನೇ ಬಿಟ್ಟು. ಅದಾದ ಮೇಲೆಯೇ ನೀನು ಫೋನ್ ಎತ್ತುವುದನ್ನು ಬಿಟ್ಟದ್ದು. ಮೂರು ವರ್ಷದಿಂದ ಅದು ನನ್ನ ಎದೆಯಲ್ಲಿ ಕೂತಿದೆ. ನೀನು ಬಾಯಿಬಿಟ್ಟು ಒಂದು ಸಲ ಬೈದುಬಿಟ್ಟಿದ್ದರೆ ಹಗುರವಾಗುತ್ತಿತ್ತು.

ಬೈದಾದರೂ ಒಂದು ಸಾಲು ಬರೆ.

ತಮ್ಮ


ತೂಬಿನ ಮನೆ
ಮೇ 3

ತಮ್ಮಾ,

ನಿನ್ನ ಮೊದಲ ಕಾಗದಕ್ಕೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಅಂಚೆಯವನನ್ನು ಹಿಡಿದೆ. ಬೆಳಿಗ್ಗೆ ಸೂರ್ಯ ಹುಟ್ಟುವಾಗ ಮೂರನೆಯ ಗೂಟದ ಹತ್ತಿರ ಬಾ, ಸಣ್ಣಗೆ ಏನಾದರೂ ಕೇಳಿಸಿದರೆ ಕೈ ಎತ್ತು ಎಂದೆ. ಗೊಣಗಿಕೊಂಡೇ ಬಂದ.

ಹತ್ತು ನಿಮಿಷದಲ್ಲಿ ಅವನು ಏಳು ಸಲ ಕೈ ಎತ್ತಿದ. ನನಗೆ ಒಂದೂ ಕೇಳಲಿಲ್ಲ.

"ಇದಾ ಅಮ್ಮಾ? ನಾನು ಯಾವ್ದೋ ಹುಳ ಅಂದ್ಕೊಂಡಿದ್ದೆ, ದಿನಾ ಕೇಳ್ತೀನಲ್ಲ" ಎಂದ. ತುಟಿ ನೋಡಿ ಅರ್ಥ ಮಾಡಿಕೊಂಡೆ. ಈಗ ಬಹಳ ಮಾತುಗಳನ್ನು ಹಾಗೆಯೇ ಅರ್ಥ ಮಾಡಿಕೊಳ್ಳುವುದು ತಮ್ಮಾ. ಫೋನಿಗೆ ತುಟಿ ಇಲ್ಲ, ಅದಕ್ಕೇ ಎತ್ತುತ್ತಿರಲಿಲ್ಲ. ಅಮ್ಮನ ವಿಷಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನೀನು ಹೊರಟಾಗ ನಿನ್ನ ಚೀಲ ಕಟ್ಟಿಕೊಟ್ಟವಳೇ ನಾನು, ಮರೆತೆಯಾ? ಮೂರು ವರ್ಷ ಅದನ್ನು ಹೊತ್ತುಕೊಂಡು ತಿರುಗಿದೆಯಲ್ಲ, ಪೆದ್ದಾ.

ಕಿವಿ ಮಂದವಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಬಚ್ಚಿಟ್ಟದ್ದು ಕೆಲಸಕ್ಕಾಗಿ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಗಂಟೆ ಬಾರಿಸುತ್ತದೆ, ಆಗ ತೂಬು ಎತ್ತಬೇಕು. ಗಂಟೆ ಕೇಳದ ಕಾವಲುಗಾರ್ತಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅದಕ್ಕೇ ಅರ್ಧ ಗಂಟೆಗೊಮ್ಮೆ ನೀರಿನ ಅಳತೆಗಂಬವನ್ನು ನೋಡಿ ನೋಡಿ ಬದುಕಿದ್ದೇನೆ, ಒಂದು ಸಲವೂ ತಪ್ಪಿಲ್ಲ. ಆದರೆ ಹಕ್ಕಿಯ ವಿಷಯದಲ್ಲಿ ಅನುಮಾನವೇ ಬರಲಿಲ್ಲ, ಅಮ್ಮನ ಆಣೆ. ಬಕ ಕೇಳುತ್ತಿತ್ತು, ಕಪ್ಪೆ ಕೇಳುತ್ತಿತ್ತು. ಕಿವಿ ಹೋದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ ಎಂದುಕೊಂಡಿದ್ದೆ. ಮೊನ್ನೆ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ತಲೆಗೆ ಏನೋ ತೊಡಿಸಿದರು. ತೆಳ್ಳಗಿನ ದನಿಗಳೇ ಮೊದಲು ಹೋಗುವುದು, ದಪ್ಪದವು ಆಮೇಲೆ ಎಂದು ಬರೆದು ತೋರಿಸಿದರು. ಕಿವಿಗೆ ಯಂತ್ರ ಹಾಕಿಕೊಂಡರೆ ಜನರ ಮಾತು ಸ್ವಲ್ಪ ಕೇಳೀತು, ಆ ಹಕ್ಕಿ ಮಾತ್ರ ಇನ್ನು ಕೇಳುವುದಿಲ್ಲವಂತೆ.

ಇರಲಿ. ಅದು ಇದೆ! ನಾನು ಐದನೆಯ ಗೂಟದ ಬಳಿ ಕೂತು ಅಳುತ್ತಿದ್ದಾಗ ಪಕ್ಕದಲ್ಲೇ ಕೂಗುತ್ತಾ ಕೂತಿತ್ತು ಕಳ್ಳಮುಂಡೇದು. ನೀನು ತಿದ್ದುಪಡಿ ಬರೆ. 'ಎಣಿಕೆಯಲ್ಲಾದ ತಪ್ಪು' ಎಂದು ಮುಚ್ಚಿ ಹಾಕಬೇಡ, ಯಾರೂ ನಂಬುವುದಿಲ್ಲ. ಕಿವಿಯ ತಪ್ಪು ಎಂದು ಬರೆ. ಯಾರ ಕಿವಿ ಎಂದೂ ಬರೆ.

ಅಕ್ಕ


ಪತ್ರಿಕೆ ಕಚೇರಿ
ಮೇ 9

ಅಕ್ಕಾ,

ನಿನ್ನ ಕಾಗದವನ್ನು ಈ ಸಲ ಕೂತುಕೊಂಡು ಓದಿದೆ. ಓದಿ ಮುಗಿಸಿ ಮುಖ ತೊಳೆದುಕೊಂಡು ಬರಬೇಕಾಯಿತು.

ತಿದ್ದುಪಡಿ ಬರೆದೆ. ನೀನು ಹೇಳಿದ್ದನ್ನೆಲ್ಲ ಬರೆದು ಕೊನೆಗೆ ನನ್ನದೊಂದು ಸೇರಿಸಿದೆ: 'ಬೇರೆ ಯಾವ ದೇಶದಿಂದ ಬಂದ ಅಂಕಿಯಾದರೂ ಎರಡನೆಯವರನ್ನು ಕೇಳದೆ ಈ ವರದಿಗಾರ ಅಚ್ಚಿಗೆ ಕೊಡುತ್ತಿರಲಿಲ್ಲ. ಇಲ್ಲಿ ಎಣಿಸಿದವಳು ಅವನ ಅಕ್ಕ. ಅದಕ್ಕೇ ಕೇಳಲಿಲ್ಲ.' ಇಂಥವನ್ನು ಏಳನೆಯ ಪುಟದ ಮೂಲೆಯಲ್ಲಿ ಎರಡು ಸಾಲು ಹಾಕುವುದು ರೂಢಿ. ಕತ್ತರಿಯವರು ಪೂರ್ತಿ ಓದಿದರು, ಪೆನ್ನು ಕೆಳಗಿಟ್ಟರು. "ತಪ್ಪನ್ನ ಎಷ್ಟು ದೊಡ್ಡದಾಗಿ ಹಾಕಿದ್ವೋ ಸರಿಯನ್ನೂ ಅಷ್ಟೇ ದೊಡ್ಡದಾಗಿ ಹಾಕೋಣ. ಅದೇ ಅರ್ಧ ಪುಟ" ಎಂದರು. ಒಂದು ಅಕ್ಷರವನ್ನೂ ಕತ್ತರಿಸಲಿಲ್ಲ ಅಕ್ಕಾ. ಕಚೇರಿಗೆ ಕಚೇರಿಯೇ ಬಾಯಿ ಬಿಟ್ಟುಕೊಂಡು ನೋಡಿತು.

ಭಾನುವಾರದ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಸಭೆಗೆ ನೀನು ಹೋಗಬೇಡ. ನಿನ್ನ ಮೇಲಧಿಕಾರಿಗಳೆಲ್ಲ ಅಲ್ಲಿರುತ್ತಾರೆ. ಗಂಟೆ ಕೇಳುವುದಿಲ್ಲ ಎಂದು ಅವರೆದುರೇ ಒಪ್ಪಿಕೊಂಡರೆ ಕೆಲಸವೂ ಹೋಗುತ್ತದೆ, ತೂಬಿನ ಮನೆಯೂ ಹೋಗುತ್ತದೆ. ಧ್ವನಿಮುದ್ರಿಕೆಯನ್ನು ನಾನು ಅಧಿಕಾರಿಗಳಿಗೆ ಕಳಿಸುತ್ತೇನೆ, ಅದೇ ಸಾಕು.

ತಮ್ಮ


ತೂಬಿನ ಮನೆ
ಮೇ 20

ತಮ್ಮಾ,

ಹೋಗಿದ್ದೆ. ನಿನ್ನ ಮಾತು ನಾನು ಯಾವತ್ತು ಕೇಳಿದ್ದೇನೆ ಹೇಳು.

ನೀನು ಕಳಿಸಿದ ಸದ್ದನ್ನು ಯಂತ್ರದಲ್ಲಿ ಎಲ್ಲಿ ಬೇಕಾದರೂ ಹಿಡಿದು ತರಬಹುದು ಎಂದುಬಿಡುತ್ತಿದ್ದರು. ಅದನ್ನು ಹಿಡಿದವಳು ಎದುರು ನಿಲ್ಲಬೇಕಿತ್ತು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಗುಂಡಿ ಡಬ್ಬಿ ಕೈಯಲ್ಲಿ ಹಿಡಿದು ಹೋದೆ. ಸಭಾಭವನ ತುಂಬಿತ್ತು. ಲಾರಿ ನಿಲ್ದಾಣದವರ ಪರವಾಗಿ ಕರಿಕೋಟಿನ ವಕೀಲರೊಬ್ಬರು. ಅವರು ಏನೋ ಕೇಳಿದರು, ನನಗೆ ತಿಳಿಯಲಿಲ್ಲ. "ಬರೆದು ಕೊಡಿ ಸಾರ್" ಎಂದೆ. ಜನ ನಕ್ಕರು. ಬರೆದು ಕೊಟ್ಟರು: 'ಕಿವಿ ಕೇಳದವರು ಹಕ್ಕಿ ಇದೆ ಅಂದರೆ ಹೇಗೆ ನಂಬುವುದು?'

ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ. ಆಮೇಲೆ ಹೇಳಿದೆ: "ಇಲ್ಲ ಅಂದಾಗ್ಲೂ ಇದೇ ಕಿವಿ ಸಾರ್. ಆಗ ಹೇಗೆ ನಂಬಿದ್ರಿ?"

ಆಮೇಲೆ ಅಧಿಕಾರಿ ನಿನ್ನ ಧ್ವನಿಮುದ್ರಿಕೆ ಹಾಕಿಸಿದರು. ನನಗೇನು ಕೇಳುತ್ತದೆ? ಜನರ ಮುಖಗಳನ್ನು ನೋಡುತ್ತಾ ನಿಂತೆ. ಇದ್ದಕ್ಕಿದ್ದಂತೆ ಎಲ್ಲ ತಲೆಗಳೂ ಒಂದೇ ಕಡೆ ತಿರುಗಿದವು. ಮೊದಲನೆಯದು ಎಂದುಕೊಂಡೆ, ಒಂದು ಗುಂಡಿಯನ್ನು ಮೇಜಿನ ಮೇಲಿಟ್ಟೆ. ಮತ್ತೆ ತಿರುಗಿದವು, ಇನ್ನೊಂದಿಟ್ಟೆ. ಕೊನೆಗೆ ಎಣಿಸಿದರೆ ಎಂಟು. ನಿನ್ನ ಲೆಕ್ಕಕ್ಕೆ ಸರಿಹೋಯಿತು. ಅಂಚೆಯವನು ಎದ್ದು ನಿಂತು, ಇದನ್ನು ದಿನವೂ ಕೇಳುತ್ತೇನೆ, ಹುಳ ಎಂದುಕೊಂಡಿದ್ದೆ ಎಂದು ಹೇಳಿ ಕೂತ.

ಜೌಗು ಉಳಿಯಿತು ಎನ್ನಲಾರೆ, ಆದರೆ ಮಣ್ಣಿನ ಲಾರಿಗಳು ಸದ್ಯಕ್ಕೆ ಬರುವುದಿಲ್ಲ. ಮುಂದಿನ ಫೆಬ್ರವರಿಯಲ್ಲಿ ಮೂವರು ಬೇರೆ ಬೇರೆಯಾಗಿ ಎಣಿಸಬೇಕು, ಮೂವತ್ತು ದಾಟಿದರೆ ಪಟ್ಟಿಯಲ್ಲಿ ಉಳಿಯುತ್ತದೆ, ಕಡಿಮೆಯಾದರೆ ಹೋಗುತ್ತದೆ. ಅಲ್ಲಿಯವರೆಗೆ ಯಥಾಸ್ಥಿತಿ.

ಸಭೆ ಮುಗಿದ ಮೇಲೆ ನಮ್ಮ ನೀರಾವರಿ ಎಂಜಿನಿಯರ್ ಹತ್ತಿರ ಬಂದರು. ಕೆಲಸ ಹೋಯಿತು ಎಂದುಕೊಂಡೆ. ಅವರು ಬೈದದ್ದು ತುಟಿಯಲ್ಲೇ ಗೊತ್ತಾಯಿತು, ಚೆನ್ನಾಗಿಯೇ ಬೈದರು, ಮೂರು ವರ್ಷ ಹೇಳದೆ ಇದ್ದದ್ದಕ್ಕೆ. ಆಮೇಲೆ ಚೀಟಿಯಲ್ಲಿ ಬರೆದರು: 'ಗಂಟೆಯ ಪಕ್ಕ ಕೆಂಪು ದೀಪ ಹಾಕಿಸುತ್ತೇನೆ. ಇನ್ನು ಮೇಲಾದರೂ ಕೇಳಿ, ಅಮ್ಮ.' ಒಂದು ದೀಪಕ್ಕಾಗಿ ಮೂರು ವರ್ಷ ಹೆದರಿಕೊಂಡು ಬದುಕಿದೆನಲ್ಲ.

ನಿನ್ನ ನಕ್ಷೆಯಲ್ಲಿ ಈಗ ಯಾವ ಪಿನ್ನು?

ಅಕ್ಕ


ಪತ್ರಿಕೆ ಕಚೇರಿ
ಜನವರಿ 22

ಅಕ್ಕಾ,

ಎಣಿಕೆಗೆ ಬರುತ್ತೇನೆ. ರಜೆ ಸಿಕ್ಕಿದೆ. ವರದಿಗೆ ಅಲ್ಲ, ಅದನ್ನು ಬೇರೆಯವರು ಬರೆಯುತ್ತಾರೆ; ಅಕ್ಕನ ಸುದ್ದಿ ತಮ್ಮ ಬರೆಯಬಾರದು ಎಂದು ಈಗ ಇಲ್ಲಿ ನಿಯಮವೇ ಆಗಿದೆ. ನಾನು ಬರೇ ತಮ್ಮನಾಗಿ ಬರುತ್ತೇನೆ.

ಮೇ ತಿಂಗಳಲ್ಲಿ ನೀನು ಕೇಳಿದ್ದೆಯಲ್ಲ, ಆ ಕೆಂಪು ಪಿನ್ನನ್ನು ಕತ್ತರಿಯವರೇ ಕಿತ್ತರು. ಹಸಿರು ಚುಚ್ಚಲು ಹೋದಾಗ ನನ್ನ ಕೈ ಹಿಡಿದು "ಎಣಿಸಿದ ಮೇಲೆ" ಎಂದರು. ಆ ಜಾಗದಲ್ಲಿ ಈಗ ಒಂದು ಸಣ್ಣ ತೂತು ಇದೆ, ಹೋಗಿ ಬರುವಾಗಲೆಲ್ಲ ಅದನ್ನೇ ನೋಡುತ್ತೇನೆ. ಮೂವತ್ತು ಆಗದಿದ್ದರೆ ಎಂದು ಹೆದರಿಕೆ. ನಿನಗೂ ಇರಬೇಕು, ಬರೆದಿಲ್ಲ ಅಷ್ಟೆ.

ತಮ್ಮ


ತೂಬಿನ ಮನೆ
ಫೆಬ್ರವರಿ 9

ತಮ್ಮಾ,

ನೀನು ಬಸ್ಸು ಹತ್ತಿದ ಮರುದಿನವೇ ಸರ್ಕಾರಿ ಕಾಗದ ಬಂತು. ಮೂವರ ಎಣಿಕೆ: ಮೂವತ್ತೊಂಬತ್ತು, ನಲವತ್ತೊಂದು, ಮೂವತ್ತೆಂಟು. ಪಟ್ಟಿಯಲ್ಲಿ ಉಳಿಯಿತು. ಕತ್ತರಿಯವರಿಗೆ ಹೇಳು, ಪಿನ್ನು ಚುಚ್ಚಲಿ.

ಅವರ ಎಣಿಕೆ ಅವರದು. ನಮ್ಮದನ್ನೂ ಬರೆದಿಡಬೇಕಲ್ಲ, ಅಪ್ಪನ ಕಾಲದಿಂದ ಒಂದು ವರ್ಷವೂ ತಪ್ಪಿಲ್ಲ. ನೀನು ಹೋಗುವ ದಿನ ಬೆಳಿಗ್ಗೆ ನನ್ನ ಪಕ್ಕದಲ್ಲಿ ನಿಂತು, ಗುಂಡಿಗಳನ್ನು ನಿನ್ನ ಎಡಜೇಬಿಗೆ ಹಾಕಿಕೊಂಡು, ಹಕ್ಕಿ ಕೂಗಿದಾಗಲೆಲ್ಲ ಒಂದೊಂದನ್ನೇ ನನ್ನ ಅಂಗೈಗೆ ಹಾಕುತ್ತಾ ಹೋದೆಯಲ್ಲ. ನನಗೆ ಒಂದೂ ಕೇಳಲಿಲ್ಲ, ಆದರೆ ಒಂದೂ ತಪ್ಪಲಿಲ್ಲ. ಮೂರನೆಯ ಗೂಟ ದಾಟುವ ಹೊತ್ತಿಗೆ ಅಂಗೈ ತುಂಬಿ ಸೆರಗಿಗೆ ಹಾಕಿಕೊಂಡೆ. ನಾನು ಅತ್ತದ್ದನ್ನು ನೋಡಿಯೂ ನೋಡದವನಂತೆ ಜೊಂಡಿನ ಕಡೆ ತಿರುಗಿದೆ ನೀನು, ಕಂಡೆ.

ಮನೆಗೆ ಬಂದು ಡಬ್ಬಿಗೆ ಹಾಕುವಾಗ ಎಣಿಸಿದೆ. ನಲವತ್ತೆರಡು. ಡಬ್ಬಿಯಲ್ಲಿ ಇದ್ದದ್ದೇ ನಲವತ್ತು. ಮತ್ತೆ ಎಣಿಸಿದೆ. ಎರಡು ಬೇರೆ ಥರದವು, ತಿಳಿನೀಲಿ, ನೂಲಿನ ತುಂಡು ಇನ್ನೂ ಅಂಟಿಕೊಂಡಿತ್ತು. ಆಗ ನೆನಪಾಯಿತು, ಐದನೆಯ ಗೂಟದಿಂದ ವಾಪಸು ಬರುವಾಗ ನಿನ್ನ ಅಂಗಿ ಎದೆಯ ಹತ್ತಿರ ಬಿಚ್ಚಿಕೊಂಡಿತ್ತು. ಗಾಳಿ ಹಾಕಿಕೊಳ್ಳುತ್ತಿದ್ದಾನೆ ಎಂದುಕೊಂಡಿದ್ದೆ.

ಒಂದು ಗುಂಡಿಯನ್ನು ಇದರ ಜೊತೆ ಇಟ್ಟಿದ್ದೇನೆ, ಹೊಲಿದುಕೋ. ಇನ್ನೊಂದನ್ನು ಕೊಡುವುದಿಲ್ಲ.

ಅಕ್ಕ